ಬೋರಿಗೆ ಬಂದ ಲಾರಿ

ಅವನ ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಬಳಕೆಯಲ್ಲಿತ್ತು. ಉಳಿದೆಲ್ಲ ಕಡೆ ಅವನು ಗೊತ್ತಪ್ಪ. ಯಾರು ಏನೇ ಹೇಳಲಿ, ಅವರ ಮಾತು ಮುಗಿಯುವ ಮೊದಲೇ "ಗೊತ್ತಪ್ಪ, ಗೊತ್ತು" ಎನ್ನುವುದು ಅವನ ಅಭ್ಯಾಸ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತನಾಗಿದ್ದುದರಿಂದ ಈ ಅಭ್ಯಾಸ ಅವನಿಗೆ ಅನುಕೂಲವೇ ಆಗಿತ್ತು. "ನಮ್ಮ ಬೀದೀಲಿ ನೀರು ಬಂದಿಲ್ಲ" ಎಂದು ಬಂದವರಿಗೆ "ಗೊತ್ತಪ್ಪ" ಎನ್ನುತ್ತಿದ್ದ. ತಮ್ಮ ಕಷ್ಟ ಸರ್ಕಾರಕ್ಕೆ ಮೊದಲೇ ತಿಳಿದಿದೆ ಎಂಬ ಸಮಾಧಾನದಿಂದ ಜನ ಹಿಂದಿರುಗುತ್ತಿದ್ದರು. ನೀರು ಬರುತ್ತಿರಲಿಲ್ಲ. ಆದರೆ ಮತ್ತೆ ದೂರೂ ಬರುತ್ತಿರಲಿಲ್ಲ. ಮೇಲಧಿಕಾರಿಗಳು ಅವನನ್ನು ದಕ್ಷ ನೌಕರನೆಂದು ಪರಿಗಣಿಸಿದ್ದರು.

ಅವನನ್ನು ಸುಳ್ಳುಗಾರ ಎನ್ನುವುದು ಸರಿಯಲ್ಲ. ಬಾಯಿ ಒಮ್ಮೆ "ಗೊತ್ತು" ಎಂದ ಮೇಲೆ ಅವನಿಗೂ ತನಗೆ ಅದು ಗೊತ್ತಿದೆ ಎಂದೇ ಅನ್ನಿಸುತ್ತಿತ್ತು. ಮನೆಯ ಗೋಡೆ ಗಡಿಯಾರವನ್ನು ಅವನು ರಿಪೇರಿ ಮಾಡಿದ್ದು ಈ ನಂಬಿಕೆಯಿಂದಲೇ. ಆ ಗಡಿಯಾರ ಈಗಲೂ ಓಡುತ್ತದೆ, ಹಿಂದಕ್ಕೆ.

ಅವನ ಹೆಂಡತಿಯ ಅಣ್ಣನಿಗೆ ಒಂದು ಲಾರಿ ಇತ್ತು. ಅಣ್ಣ, ತಾಯಿ ಇಬ್ಬರೂ ಎದುರು ಮನೆಯಲ್ಲೇ ವಾಸ. ಗೊತ್ತಪ್ಪನೂ ಹೆಂಡತಿಯ ಅಣ್ಣನೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರಿಂದ ಗೊಂದಲ ತಪ್ಪಿಸಲು ಮೊದಲೇ ಸ್ಪಷ್ಟಪಡಿಸಬೇಕು: ಈ ಬರಹದಲ್ಲಿ ಭಾವ ಎಂದರೆ ಲಾರಿಯವನು.

ಲಾರಿ ಭಾವನ ತಂದೆಯ ಕಾಲದ್ದು. ಮೂತಿ ಮುಂದಕ್ಕೆ ಚಾಚಿಕೊಂಡ ಹಳೆಯ ಮಾದರಿ. ಎಡಗಡೆಯ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತದೆ, ಬಲಗಡೆಯದು ಹೊರಗಿನಿಂದ ಮಾತ್ರ. ಈ ಮಾದರಿಯ ತಯಾರಿಕೆಯನ್ನು ಕಂಪನಿ ಯಾವತ್ತೋ ನಿಲ್ಲಿಸಿತ್ತು. ಬಿಡಿಭಾಗ ಬೇಕಾದರೆ ಇದೇ ಜಾತಿಯ ಸತ್ತ ಲಾರಿಯೊಂದನ್ನು ಹುಡುಕಿಕೊಂಡು ಹೋಗಬೇಕಿತ್ತು, ಮತ್ತು ಸತ್ತ ಲಾರಿಗಳೂ ಈಗ ಮುಗಿಯುತ್ತ ಬಂದಿದ್ದವು. ಭಾವನಿಗೆ ಇದರ ಹೊರತು ಬೇರೆ ದುಡಿಮೆ ಇರಲಿಲ್ಲ, ಬೇರೆ ಆಸಕ್ತಿಯೂ ಇರಲಿಲ್ಲ. ಅವನ ಮದುವೆಯ ಮಾತು ಎತ್ತಿದಾಗಲೆಲ್ಲ ಲಾರಿಯ ಯಾವುದಾದರೊಂದು ಭಾಗ ಬಿಚ್ಚಿರುತ್ತಿತ್ತು. ಅವನ ತಾಯಿ, ಅಂದರೆ ಗೊತ್ತಪ್ಪನ ಅತ್ತೆ, ಲಾರಿಯನ್ನು ಸೊಸೆಯೆಂದು ಒಪ್ಪಿಕೊಂಡು ಬಹಳ ಕಾಲವಾಗಿತ್ತು.

ಸ್ಟೆಪ್ನಿ ಟೈರು ಎತ್ತಲು ಹೋಗಿ ಭಾವನ ಸೊಂಟ ಹಿಡಿದದ್ದು ಈ ಪ್ರಕರಣದ ಆರಂಭ. ವೈದ್ಯರು ಹಲಗೆಯ ಮೇಲೆ ಅಂಗಾತ ಮಲಗಿರಲು ಹೇಳಿದರು. ಲಾರಿ ರಸ್ತೆ ಬದಿಯಲ್ಲಿ ನಿಂತಿತು. ಅಷ್ಟರಲ್ಲಿ ಎಫ್‌ಸಿ ಹತ್ತಿರ ಬಂತು. ಎಫ್‌ಸಿ ಎಂದರೆ ವಾಹನ ರಸ್ತೆಯಲ್ಲಿ ಓಡಲು ಯೋಗ್ಯವೆಂದು ಇನ್ಸ್‌ಪೆಕ್ಟರು ಕೊಡುವ ಸರ್ಟಿಫಿಕೇಟು. ಅದಿಲ್ಲದ ಲಾರಿ ಚಕ್ರಗಳಿರುವ ಗೋಡೆ ಅಷ್ಟೆ.

ಭಾವ ಮಲಗಿದಲ್ಲಿಂದಲೇ ಕಿಟಕಿಯ ಕಡೆ ಕತ್ತು ತಿರುಗಿಸಿ ಕೂಗಿದ.

"ಭಾವನೋರೇ, ಎಂಜಿನ್ ಆಯಿಲ್ ಸ್ವಲ್ಪ ಕಮ್ಮಿ ಇತ್ತು. ಡಬ್ಬಿ ಸೀಟಿನ ಕೆಳಗಿದೆ. ಹಾಕ್ಬಿಡ್ತೀರಾ?"

"ಅದಕ್ಕೇನಂತೆ ಭಾವ."

"ಎಲ್ಲಿಗೆ ಹಾಕ್ಬೇಕು ಅಂದ್ರೆ, ಎಂಜಿನ್ ಮೇಲ್ಗಡೆ ಒಂದು..."

"ಗೊತ್ತಪ್ಪ, ಗೊತ್ತು."

ಗೊತ್ತಪ್ಪ ಬಾನೆಟ್ ಎತ್ತಿದ. ಒಳಗೆ ಕಂಡ ಮುಚ್ಚಳಗಳ ಸಂಖ್ಯೆ ಅವನ ನಿರೀಕ್ಷೆಗಿಂತ ಹೆಚ್ಚಿತ್ತು. ಒಂದನ್ನು ತಿರುಗಿಸಿದ, ನೀರು ಕಂಡಿತು. ನೀರು ತನ್ನ ಇಲಾಖೆಯ ವಿಷಯವಾದ್ದರಿಂದ ಗುರುತು ಹಿಡಿದು ಮುಚ್ಚಿದ. ಇನ್ನೊಂದು ಬಿಗಿಯಾಗಿದ್ದು ಅಲುಗಲಿಲ್ಲ. ತೆರೆಯಬೇಕಾದ ಮುಚ್ಚಳ ಇಷ್ಟು ಬಿಗಿ ಇರುವುದಿಲ್ಲ ಎಂದು ಅದನ್ನು ಕೈಬಿಟ್ಟ. ಮೂರನೆಯದು ಪಕ್ಕದಲ್ಲಿದ್ದ ದಪ್ಪನೆಯ ಕರಿ ಪಾತ್ರೆ. ಎರಡು ಕ್ಲಿಪ್ಪು ಸರಿಸಿ ಮೇಲ್ಭಾಗ ಎತ್ತಿದರೆ ತಳದಲ್ಲಿ ಎಣ್ಣೆ! ಎಣ್ಣೆ ಇರುವ ಕಡೆಗೇ ಎಣ್ಣೆ ಹಾಕಬೇಕು ಎಂಬ ಅವನ ತರ್ಕದಲ್ಲಿ ಮೇಲುನೋಟಕ್ಕೆ ದೋಷ ಕಾಣುವುದಿಲ್ಲ. ಪಾತ್ರೆಯ ಒಳಮೈಯಲ್ಲಿ ಸುತ್ತಲೂ ಒಂದು ಗೆರೆ ಇತ್ತು. ಎಣ್ಣೆ ಸರಿಯಾಗಿ ಆ ಗೆರೆಗೇ ಇತ್ತು. ಗೆರೆಯನ್ನು ಅವನು ಅಂದಕ್ಕೆ ಹಾಕಿದ್ದೆಂದು ಭಾವಿಸಿ, ಕಂಠಮಟ್ಟ ತುಂಬಿಸಿ, ಕ್ಲಿಪ್ಪು ಹಾಕಿದ. ಉಳಿದ ಎಣ್ಣೆಯನ್ನು ಮನೆ ಬಾಗಿಲಿನ ಕೀಲುಗಳಿಗೆ ಬಿಟ್ಟ. ಕೀಲುಗಳ ಸದ್ದು ನಿಂತಿತು. ಆ ದಿನ ಸರಿಯಾದ ಜಾಗಕ್ಕೆ ಬಿದ್ದ ಎಣ್ಣೆ ಅದೊಂದೇ.

ಮರುದಿನ ಬೆಳಗ್ಗೆ ಭಾವ ಕೋಲು ಊರಿಕೊಂಡು ಬಂದು, ಗೊತ್ತಪ್ಪನ ಹೆಗಲು ಹಿಡಿದು ಸೀಟು ಹತ್ತಿ ಸೆಲ್ಫ್ ಹೊಡೆದ.

ಮೊದಲು ಲಾರಿ ಎಂದಿನಂತೆ ಗೊಗ್ಗರು ದನಿಯಲ್ಲಿ ಕೆಮ್ಮಿತು. ಆಮೇಲೆ ಸೈಲೆನ್ಸರಿನಿಂದ ನೀಲಿ ಹೊಗೆ ಹೊರಟಿತು. ಹೊಗೆ ಹೊರಡುವುದು ಹೊಸದಲ್ಲ. ಆದರೆ ಇದು ನಿಲ್ಲಲಿಲ್ಲ. ಎದುರು ಮನೆ ಮರೆಯಾಯಿತು, ದೀಪದ ಕಂಬ ಮರೆಯಾಯಿತು, ಕಡೆಗೆ ಲಾರಿಯೇ ಮರೆಯಾಯಿತು.

"ಬೆಂಕಿ! ಬೆಂಕಿ!" ಎಂದು ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಬಕೆಟ್ ಹಿಡಿದು ಓಡಿ ಬಂದರು. ಬಕೆಟ್ ಖಾಲಿ ಇತ್ತು.

"ನೀರೆಲ್ಲಿ ಸ್ವಾಮಿ?" ಎಂದು ಹೊಗೆಯೊಳಗಿಂದ ಯಾರೋ ಕೇಳಿದರು.

"ಅದನ್ನ ನಿಮ್ಮ ಗೊತ್ತಪ್ಪನ್ನ ಕೇಳಿ! ಕಂಪ್ಲೇಂಟ್ ಕೊಟ್ಟು ಎಷ್ಟು ಕಾಲ ಆಯ್ತು!"

"ಗೊತ್ತಪ್ಪ, ಗೊತ್ತು" ಎಂದಿತು ಹೊಗೆ.

ಭಾವ ಎಂಜಿನ್ ಆಫ್ ಮಾಡಿದ. ಅವನ ಮುಖ ಬಿಳುಚಿಕೊಂಡಿತ್ತು. ನೀಲಿ ಹೊಗೆಗೆ ಅರ್ಥವೇನೆಂದು ಲಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಒಂದು ಪದವನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಇಳಿಯುವ ಆತುರದಲ್ಲಿ ಸೊಂಟ ಮತ್ತೆ ಹಿಡಿಯಿತು. ನಾಲ್ಕು ಜನ ಎತ್ತಿ ಮತ್ತೆ ಹಲಗೆಯ ಮೇಲೆ ಮಲಗಿಸಿದರು.

"ಮೇಸ್ತ್ರೀನ ಕರೆಸಿ" ಎಂದಷ್ಟೇ ಹೇಳಿ ಅವನು ಗೋಡೆಯ ಕಡೆ ಮುಖ ಮಾಡಿದ.

ಮೇಸ್ತ್ರಿ ಹಳೆಯ ಲಾರಿಗಳಲ್ಲಿ ಪಳಗಿದವನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಆಲಿಸುವುದು ಅವನ ಕ್ರಮ. ಆಗ ಯಾರಾದರೂ ಮಾತಾಡಿದರೆ ಸ್ಪಾನರ್ ಎತ್ತುತ್ತಿದ್ದ. ಆ ದಿನ ಅವನು ಅವಸರದಲ್ಲಿದ್ದ. ಹೆದ್ದಾರಿಯಲ್ಲೆಲ್ಲೋ ಆಕ್ಸಲ್ ಮುರಿದು ಲೋಡಿನ ಸಮೇತ ಒಂದು ಗಾಡಿ ನಿಂತಿತ್ತು. ಅವನನ್ನು ಕರೆದೊಯ್ಯಲು ಬಂದ ಜೀಪು ಬೀದಿಯ ತುದಿಯಲ್ಲಿ ಹಾರ್ನ್ ಹೊಡೆಯುತ್ತಿತ್ತು.

ಆಲಿಸಿದ. ಹೊಗೆ ನೋಡಿದ. ಎಣ್ಣೆ ಅಳೆಯುವ ಕಡ್ಡಿ ಎಳೆದ.

"ಆಯಿಲ್ ಯಾವಾಗ ಹಾಕಿದ್ದು?"

"ನಿನ್ನೆ ತಾನೆ ನಾನೇ ಹಾಕಿದೆ. ಹೆಚ್ಚೂಕಮ್ಮಿ ಡಬ್ಬಿ ಪೂರ್ತಿ" ಎಂದ ಗೊತ್ತಪ್ಪ.

"ಎಂಜಿನ್ನಿಗೇ ತಾನೆ?"

"ಗೊತ್ತಪ್ಪ. ಇನ್ನೆಲ್ಲಿಗೆ ಹಾಕ್ತಾರೆ?"

ಮೇಸ್ತ್ರಿ ಕಡ್ಡಿಯನ್ನು ಬೆಳಕಿಗೆ ಹಿಡಿದ. ಎಣ್ಣೆ ಕೆಳಗಿನ ಗುರುತಿನಲ್ಲೇ ಇತ್ತು. ಹಾಕಿದ ಎಣ್ಣೆ ಎಂಜಿನ್ನಿನಲ್ಲಿಲ್ಲ, ಹೊಗೆ ನೀಲಿ. ಹಾಗಾದರೆ ಎಣ್ಣೆ ಉರಿದು ಹೋಗಿದೆ. ಅವನ ಲೆಕ್ಕ ಪೂರ್ತಿ ಸರಿಯಾಗಿತ್ತು. ಅವನಿಗೆ ಕೊಟ್ಟ ಮಾಹಿತಿ ಮಾತ್ರ ತಪ್ಪಾಗಿತ್ತು. ಒಂದೇ ಬೆಳಗ್ಗೆ ಅಷ್ಟು ಎಣ್ಣೆ ಕುಡಿದ ಎಂಜಿನ್ನನ್ನು ಕಂಡು ಅನುಮಾನಪಡುವ ಬದಲು ಮೇಸ್ತ್ರಿ ಬೆರಗಾದ.

"ಬೋರಿಗೆ ಬಂದಿದೆ" ಎಂದ, ದನಿ ತಗ್ಗಿಸಿ. "ನೀವೇ ಒಳಗೆ ಹೋಗಿ ಹೇಳ್ಬಿಡಿ. ಅವರಪ್ಪನ ಕಾಲದಿಂದ ಈ ಗಾಡಿ ನೋಡಿದೀನಿ, ನನಗೆ ಬಾಯಿ ಬರಲ್ಲ. ಬೋರು ಅಂದ್ರೆ ಏನು ಅಂತ ಗೊತ್ತಲ್ಲ?"

"ಗೊತ್ತಪ್ಪ, ಗೊತ್ತು."

ಜೀಪು ಮೇಸ್ತ್ರಿಯನ್ನು ಹತ್ತಿಸಿಕೊಂಡು ಹೋಯಿತು.

ಇಲ್ಲಿ ಒಂದು ಪದದ ಬಗ್ಗೆ ವಿವರಣೆ ಅಗತ್ಯ. ಎಂಜಿನ್ನಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆ ವರ್ಷಗಟ್ಟಲೆ ಉಜ್ಜಿ ಸವೆದು ಸಡಿಲವಾದರೆ ಎಣ್ಣೆ ಮೇಲಕ್ಕೆ ನುಗ್ಗಿ ಉರಿಯುತ್ತದೆ. ಆಗ ಎಂಜಿನ್ ಇಳಿಸಿ, ಪೂರ್ತಿ ಬಿಚ್ಚಿ, ಕೊಳವೆಯನ್ನು ಕೊರೆದು ದೊಡ್ಡದು ಮಾಡಿ, ಹೊಸ ಪಿಸ್ಟನ್ ಕೂರಿಸಬೇಕು. ಇದಕ್ಕೆ ಶೆಡ್ಡಿನ ಭಾಷೆಯಲ್ಲಿ "ಬೋರಿಗೆ ಬಂದಿದೆ" ಎನ್ನುತ್ತಾರೆ. ಈ ಲಾರಿಯ ಅಳತೆಯ ಪಿಸ್ಟನ್ ಎಲ್ಲಿಯೂ ಸಿಗುತ್ತಿರಲಿಲ್ಲ. ಆದ್ದರಿಂದ ಬೋರಿಗೆ ಬರುವುದೆಂದರೆ ಗುಜರಿಗೆ ಹೋಗುವುದೆಂದೇ ಅರ್ಥ. ಭಾವ ಗೋಡೆಗೆ ಮುಖ ಮಾಡಿ ಹೆದರುತ್ತಿದ್ದದ್ದು ಈ ಪದಕ್ಕೆ.

ಮನೆಗಳಲ್ಲಿ ಬೋರು ಎಂದರೆ ಬೇರೆ. ಕಚೇರಿಯ ಬೋರು, ಅಂದರೆ ಕೊಳವೆಬಾವಿ, ಲಾರಿಯಲ್ಲಿ ಇರಲಾರದಾದ್ದರಿಂದ ಗೊತ್ತಪ್ಪನಿಗೆ ಉಳಿದದ್ದು ಅದೊಂದೇ. "ಬೋರಾಗಿದೆ" ಅನ್ನಬೇಕಾದಲ್ಲಿ ಮೇಸ್ತ್ರಿ "ಬೋರಿಗೆ ಬಂದಿದೆ" ಅಂದದ್ದನ್ನು ಅವನು ವ್ಯಾಕರಣದ ಕೊರತೆ ಎಂದು ಕ್ಷಮಿಸಿದ. ಲಾರಿಗೆ ಬೋರಾಗುತ್ತದೆಯೇ ಎಂಬ ಸಂದೇಹ ಅವನಿಗೂ ಒಂದು ಕ್ಷಣ ಬಂದಿರಬೇಕು. ಆದರೆ "ಗೊತ್ತು" ಎಂದು ಹೇಳಿಯಾಗಿತ್ತು. ಹಾಸಿಗೆ ಹಿಡಿದವನ ಮುಂದೆ ಇಂಗ್ಲಿಷ್ ಪದ ಯಾಕೆಂದು, ಸರ್ಕಾರಿ ಪತ್ರಗಳನ್ನು ಕನ್ನಡಕ್ಕೆ ತಂದು ಅಭ್ಯಾಸವಿದ್ದ ಅವನು ಇದನ್ನೂ ಶುದ್ಧ ಕನ್ನಡಕ್ಕೆ ತಂದ.

"ಭಾವ, ಮೇಸ್ತ್ರಿ ನೋಡಿದ. ಬೇಜಾರಾಗಿದೆ ಅಂತೆ."

"ಯಾರಿಗೆ? ಮೇಸ್ತ್ರಿಗಾ?"

"ಲಾರಿಗೆ."

ಭಾವ ಸೊಂಟದ ನೋವು ಮರೆತು ಅರ್ಧ ಎದ್ದ. "ಲಾರಿಗೆ ಬೇಜಾರು ಅಂತ ಮೇಸ್ತ್ರಿ ಅಂದ್ನಾ?"

"ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿ ಅಂದ. ಹೇಳೋಕೆ ಬಾಯಿ ಬರಲ್ಲ ಅಂತ ಅವನಿಗೂ ಸಂಕಟ."

"ಬೇರೆ ಏನೂ ಅನ್ನಲಿಲ್ವಾ? ಬೇರೆ... ಪದ ಏನಾದ್ರೂ?"

"ಇಲ್ಲ ಭಾವ. ಬೇಜಾರು ಅಷ್ಟೆ."

ಭಾವ ದೀರ್ಘವಾಗಿ ಉಸಿರು ಬಿಟ್ಟ. ಅವನು ಹೆದರಿದ್ದ ಮಾತು ಬಂದಿರಲಿಲ್ಲ. ಅದಲ್ಲದೆ ಇನ್ನೇನು ಬಂದಿದ್ದರೂ ಅವನು ನಂಬುವ ಸ್ಥಿತಿಯಲ್ಲಿದ್ದ.

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾನು ಬಡ್ಕೊಂಡೆ, ಯಾರು ಕೇಳಿದ್ರಿ? ನಿಮ್ಮಪ್ಪ ಇದ್ದಾಗ ದಿನಾ ಬೆಳಗ್ಗೆ ಅದರ ಮೂತಿ ಒರೆಸಿ, 'ಏನಮ್ಮ, ಹೊರಡೋಣ್ವಾ' ಅಂತ ಕೇಳ್ತಿದ್ರು. ನೀನು ಒಂದು ದಿನ ಮಾತಾಡ್ಸಿದೀಯಾ? ಹತ್ತಿದೆ, ಒದ್ದೆ, ಹೊರಟೆ. ಅದಕ್ಕೂ ಒಂದು ಜೀವ ಅನ್ನೋದು ಬೇಡ್ವಾ?"

"ಜೀವ ಇದೆಯೇನಮ್ಮ ಅದಕ್ಕೆ?" ಎಂದಳು ಗೊತ್ತಪ್ಪನ ಹೆಂಡತಿ.

"ನಿನಗಿಂತ ವಯಸ್ಸಲ್ಲಿ ದೊಡ್ಡದು ಅದು. ಮರ್ಯಾದೆ ಕೊಟ್ಟು ಮಾತಾಡು."

ಚಿಕಿತ್ಸೆ ಮರುದಿನದಿಂದಲೇ ಶುರುವಾಯಿತು. ಅತ್ತೆ ಬೆಳಗ್ಗೆ ಕ್ಯಾಬಿನ್ನು ಹತ್ತಿ ಕೂತು ಬಟಾಣಿ ಸುಲಿಯುತ್ತ ಲಾರಿಗೆ ಮನೆಯ ಸಮಾಚಾರ ಒಪ್ಪಿಸತೊಡಗಿದರು. ಬೀದಿಯವರಿಗೆ ಅಲ್ಲಿಯವರೆಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಈ ರೀತಿ ತಿಳಿದುಬಂದವು. ಹತ್ತಿರದ ಅಂಗಡಿಯವನು ತನ್ನ ಹಳೆಯ ರೇಡಿಯೋವನ್ನು ಬಾನೆಟ್ಟಿನ ಮೇಲೆ ತಂದಿಟ್ಟ. ಪೋಸ್ಟ್‌ಮಾಸ್ಟರು ಮೊದಲು ನಕ್ಕರು, ಆಮೇಲೆ ಕುತೂಹಲದಿಂದ ಬಂದು ನಿಂತರು, ಕಡೆಗೆ ಪತ್ರಿಕೆ ತಂದು ಲಾರಿಯ ಮುಂದೆ ಕುರ್ಚಿ ಹಾಕಿಕೊಂಡು ಗಟ್ಟಿಯಾಗಿ ಓದತೊಡಗಿದರು.

"ಸಂಪಾದಕೀಯ ಬೇಡ ಸಾರ್" ಎಂದು ಗೊತ್ತಪ್ಪ ತಡೆದ. "ಬೇಜಾರು ಜಾಸ್ತಿಯಾಗುತ್ತೆ. ಆಟದ ಪುಟ ಓದಿ."

"ನಿಮಗೆ ಹೇಗ್ರೀ ಗೊತ್ತು?"

"ಗೊತ್ತಪ್ಪ."

ಬೀದಿಯಲ್ಲಿ ಇದನ್ನು ಒಪ್ಪದವನು ಗುಜರಿಯವನೊಬ್ಬನೇ. ನೀಲಿ ಹೊಗೆಯ ಸುದ್ದಿ ಕೇಳಿದ ದಿನದಿಂದ ಅವನು ತಪ್ಪದೆ ಬರುತ್ತಿದ್ದ. ಲಾರಿಯ ಸುತ್ತ ಒಂದು ಸುತ್ತು ಹಾಕಿ, ಬೆರಳ ಗೆಣ್ಣಿನಿಂದ ಮಡ್‌ಗಾರ್ಡ್ ತಟ್ಟಿ, ಆ ಸದ್ದಿನಲ್ಲೇ ತೂಕ ಅಂದಾಜು ಮಾಡುತ್ತಿದ್ದ.

"ಯಾವಾಗ ಕಳಿಸ್ತೀರಮ್ಮ? ಕ್ರೇನ್ ಸಿಗೋದು ಕಷ್ಟ, ಮೊದಲೇ ಹೇಳಿದ್ರೆ ಒಳ್ಳೇದು."

"ಮೊದಲು ನಿನ್ನ ಬುರುಡೆ ತಟ್ಟಿ ನೋಡ್ಕೊಳ್ಳಪ್ಪ" ಎಂದರು ಅತ್ತೆ ಕ್ಯಾಬಿನ್ನಿನ ಎತ್ತರದಿಂದ. "ಅದೂ ಹೀಗೇ ಟೊಳ್ಳಾಗಿ ಕೇಳುತ್ತೆ."

ಮಾತಾಡಿಸುವುದರಿಂದ ಮಾತ್ರ ಸಾಲದು, ಬೇಜಾರಾದವರನ್ನು ಹೊರಗೆ ಸುತ್ತಾಡಿಸಬೇಕು ಎಂದು ಗೊತ್ತಪ್ಪ ಸಲಹೆ ಕೊಟ್ಟ. ಅಷ್ಟರಲ್ಲಿ ಭಾವ ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದುಕೊಂಡು ಕೂರುವಷ್ಟಾಗಿದ್ದ. ಲೋಡಿಲ್ಲದೆ, ಕೆಲಸವಿಲ್ಲದೆ, ಬರೀ ಗಾಳಿಗೆ ಲಾರಿ ಓಡಿಸುವುದು ಅವನ ವಂಶದಲ್ಲೇ ಇದು ಮೊದಲು.

"ನಾನೂ ಬರ್ತೀನಿ" ಎಂದು ಗೊತ್ತಪ್ಪನ ಹೆಂಡತಿ ಚಪ್ಪಲಿ ಮೆಟ್ಟಿದಳು.

"ನೀನ್ಯಾಕೆ?"

"ನಾಕು ದಿನ ಸುಮ್ನೆ ನಿಂತಿದ್ದಕ್ಕೆ ಲಾರಿಗೆ ಬೇಜಾರು, ಅದಕ್ಕೆ ಸುತ್ತಾಟ. ನಾನು ಮದುವೆ ಆದಾಗಿಂದ ನಿಮ್ಮನೇಲಿ ನಿಂತೇ ಇದೀನಿ. ನನ್ನ ಯಾವ ಮೇಸ್ತ್ರಿ ಬಂದು ಕೇಳಿದ?"

ಗೊತ್ತಪ್ಪ ಈ ಸಲ "ಗೊತ್ತು" ಎನ್ನದೆ ಬಾಗಿಲು ತೆರೆದು ಅವಳನ್ನು ಹತ್ತಿಸಿದ. ಅತ್ತೆಯೂ ಸೇರಿ ನಾಲ್ವರೂ ಸೀಟಿನ ಮೇಲೆ ಒತ್ತಿಕೊಂಡು ಕೂತರು. ಊರಾಚೆಯ ಗುಡ್ಡದ ಮೇಲೆ ನೀರಿನ ಟ್ಯಾಂಕ್ ಇತ್ತು, ಅಲ್ಲಿಗೆ ಏರು ರಸ್ತೆ. ಭಾವ ಎರಡನೇ ಗೇರಿನಲ್ಲಿ ಎಂಜಿನ್ ಅರಚಿಸಿಕೊಂಡು ಹತ್ತಿದ. ಹಿಂದೆ ನೀಲಿ ಹೊಗೆ ಗುಡ್ಡವನ್ನೇ ಮುಚ್ಚಿತು. ಮೇಲೆ ಸ್ವಲ್ಪ ಹೊತ್ತು ನಿಂತರು. ಅತ್ತೆ ಲಾರಿಗೆ ಕೆಳಗಿನ ಊರು ತೋರಿಸಿದರು. ಇಳಿಯುವಾಗ ಹೊಗೆ ಕೊಂಚ ತೆಳುವಾದಂತೆ ಭಾವನಿಗೆ ಅನ್ನಿಸಿತು. ಆದರೆ ಹೇಳಲಿಲ್ಲ. ಹೇಳಿದರೆ ಮತ್ತೆ ಹೆಚ್ಚಾದೀತೆಂಬ ಅಳುಕು.

ಮರುದಿನವೂ ಹೋದರು, ಹೊಗೆ ಇನ್ನಷ್ಟು ಇಳಿಯಿತು. ಪೋಸ್ಟ್‌ಮಾಸ್ಟರು ದಿನಾ ಬೆಳಗ್ಗೆ ಒಂದೇ ಜಾಗದಲ್ಲಿ ನಿಂತು, ಹೊಗೆಯ ಮೂಲಕ ಯಾವ ಮನೆಯವರೆಗೆ ಕಾಣುತ್ತದೆಂದು ಬೀದಿಗೆಲ್ಲ ಕೂಗಿ ಹೇಳುತ್ತಿದ್ದರು. ಮೊದಲ ದಿನ ತಮ್ಮ ಕೈಯೇ ಕಾಣದಿದ್ದವರಿಗೆ ಕ್ರಮೇಣ ದೀಪದ ಕಂಬ ಕಂಡಿತು, ಎದುರು ಮನೆ ಕಂಡಿತು, ಆಮೇಲೆ ಬೀದಿ ತುದಿಯಲ್ಲಿ ಹಲ್ಲು ಕಚ್ಚಿ ನಿಂತಿದ್ದ ಗುಜರಿಯವನೂ ಕಂಡ. ಅತ್ತ ಗುಜರಿಯವನ ಭೇಟಿಗಳೂ ತೆಳುವಾದವು. ಕಡೆಕಡೆಗೆ ಮಡ್‌ಗಾರ್ಡ್ ತಟ್ಟುವುದನ್ನು ಬಿಟ್ಟು ದೂರದಿಂದಲೇ ನೋಡಿ ಹೋಗುತ್ತಿದ್ದ.

ಕಣ್ಣಾರೆ ಕಂಡ ಮೇಲೆ ಜನ ಸುಮ್ಮನಿರುತ್ತಾರೆಯೇ? ಗೊತ್ತಪ್ಪನ ಕಚೇರಿಯ ಮುಂದೆ ದೂರುದಾರರ ಬದಲು ವಾಹನ ಮಾಲೀಕರು ನಿಲ್ಲತೊಡಗಿದರು. ಒಬ್ಬ ಹಾಲಿನ ವ್ಯಾನು ತಂದ. ಒಬ್ಬಾಕೆ ಹೊಲಿಗೆ ಯಂತ್ರವನ್ನೇ ಹೊತ್ತು ತಂದು, "ದಾರ ಕಡೀತಿದೆ, ಏನು ಬೇಜಾರು ಕೇಳಿ" ಎಂದಳು. ಮೇಲಧಿಕಾರಿಗಳಿಗೂ ವಿಷಯ ಮುಟ್ಟಿತು. ಕಚೇರಿಯ ಹಿಂದೆ ವರ್ಷಗಳಿಂದ ನಿಂತಿದ್ದ ನೀರಿನ ಟ್ಯಾಂಕರನ್ನು ತೋರಿಸಿ, "ಇದಕ್ಕೇನಾಗಿದೇರೀ?" ಎಂದು ಕೇಳಿದರು.

ಗೊತ್ತಪ್ಪ ಅದರ ಮೈಗೆ ಕಿವಿಯಿಟ್ಟ. "ಇದಕ್ಕೂ ಬೇಜಾರು ಸಾರ್."

"ಯಾಕಂತೆ?"

"ನೀರು ನೋಡದೆ."

ಮೇಲಧಿಕಾರಿಗಳು ಗಂಭೀರರಾದರು. ತಳ್ಳಿಸಿ ಸ್ಟಾರ್ಟ್ ಮಾಡಿಸಿ, ಟ್ಯಾಂಕರಿಗೆ ಬೇಜಾರು ಕಳೆಯಲೆಂದು ನೀರು ತುಂಬಿಸಿ ಬೀದಿ ಬೀದಿ ಸುತ್ತಿಸಿದರು. ಸುತ್ತುವುದು ಹೇಗೂ ಸುತ್ತುತ್ತದೆ ಎಂದು ಜನ ಬಿಂದಿಗೆ ಹಿಡಿದು ಹಿಂದೆ ಓಡಿದರು. ಪೋಸ್ಟ್‌ಮಾಸ್ಟರಿಗೆ ಕಡೆಗೂ ಬಕೆಟ್ ತುಂಬ ನೀರು ಸಿಕ್ಕಿತು. ಈ ಪ್ರಕರಣದಿಂದ ಸಾರ್ವಜನಿಕರಿಗಾದ ಲಾಭ ಇದೊಂದು.

ಎಫ್‌ಸಿಯ ದಿನ ಬಂತು. ಮನೆಯವರ ಜತೆ ಪೋಸ್ಟ್‌ಮಾಸ್ಟರೂ ಲಾರಿ ಹತ್ತಿ ಹೊರಟರು. ತಪಾಸಣೆಯ ಮೈದಾನದಲ್ಲಿ ವಾಹನಗಳು ಸಾಲಾಗಿ ನಿಂತಿದ್ದವು. ಇನ್ಸ್‌ಪೆಕ್ಟರು ಸಣಕಲು ಮನುಷ್ಯ. ಪೆನ್ನಿನ ಮುಚ್ಚಳ ತೆಗೆಯುವ ಮೊದಲು ಎಲ್ಲವನ್ನೂ ಎರಡೆರಡು ಸಲ ನೋಡುವವರು. ದೀಪ ನೋಡಿದರು, ಬ್ರೇಕು ಒತ್ತಿಸಿದರು, ಸ್ಟೇರಿಂಗಿನ ಸಡಿಲ ನೋಡಿದರು, ಹಾರ್ನ್ ಹೊಡೆಸಿ ಬೆಚ್ಚಿದರು. ಕಡೆಗೆ ಜೇಬಿನಿಂದ ಬಿಳಿ ಕರ್ಚೀಫು ತೆಗೆದು ಸೈಲೆನ್ಸರಿನ ಬಾಯಿಗೆ ಹಿಡಿದು, "ಹೂಂ, ಒತ್ತಿ" ಎಂದರು. ಭಾವ ಆಕ್ಸಿಲರೇಟರ್ ಒತ್ತಿದ. ಲಾರಿ ಗುಡುಗಿತು. ಇನ್ಸ್‌ಪೆಕ್ಟರು ಕರ್ಚೀಫನ್ನು ಬಿಸಿಲಿಗೆ ಹಿಡಿದು ನೋಡಿದರು. ಅಲ್ಲಿ ತುಸು ಬೂದು ಬಣ್ಣ ಬಿಟ್ಟರೆ ಬೇರೇನೂ ಇರಲಿಲ್ಲ. ಅದೇ ಕರ್ಚೀಫಿನಿಂದ ಮುಖ ಒರೆಸಿಕೊಂಡು ಪೆನ್ನಿನ ಮುಚ್ಚಳ ತೆಗೆದರು.

ಆಗ ಮೈದಾನದ ಗೇಟಿನ ಕಡೆಯಿಂದ ಕೂಗು ಕೇಳಿಸಿತು.

"ಸಹಿ ಹಾಕ್ಬೇಡಿ ಸಾರ್! ಸಹಿ ಹಾಕ್ಬೇಡಿ!"

ಮೇಸ್ತ್ರಿ. ಹೆದ್ದಾರಿಯಿಂದ ಆಗಷ್ಟೇ ಹಿಂದಿರುಗಿ, ಲಾರಿ ಎಫ್‌ಸಿಗೆ ಹೋಗಿದೆ ಎಂದು ಕೇಳಿ, ಮೈತುಂಬ ಗ್ರೀಸಿನಲ್ಲೇ ಸ್ಕೂಟರಿನ ಹಿಂದೆ ಕೂತು ಬಂದಿದ್ದ. "ದಾರಿ ಮಧ್ಯ ಎಂಜಿನ್ ಜಾಮ್ ಆದ್ರೆ ನಾಳೆ ನನ್ನ ಹೆಸರು ಹೇಳ್ತಾರೆ ಸಾರ್. ಇದು ಬೋರಿಗೆ ಬಂದಿದೆ. ನಾನೇ ನೋಡಿದೀನಿ!"

ಡ್ರೈವರ್ ಸೀಟಿನಲ್ಲಿದ್ದ ಭಾವನ ಕೈ ಸ್ಟೇರಿಂಗಿನಿಂದ ಜಾರಿತು. ಕಡೆಗೂ ಆ ಪದ ಬಂದಿತ್ತು.

"ಭಾವನೋರೇ" ಎಂದ ಮೆಲ್ಲಗೆ. "ಬೇಜಾರು ಅಂದ್ರಲ್ಲ?"

"ಹೌದು ಭಾವ, ಬೋರು ಅಂದ. ನಾನು ಕನ್ನಡದಲ್ಲಿ ಹೇಳಿದೆ."

ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತ. "ಅಯ್ಯೋ ನಿಮ್ಮ ಕನ್ನಡಕ್ಕಿಷ್ಟು! ಅಲ್ರೀ, ಬೋರು ಅಂದ್ರೆ ಬೋರು!"

"ನೀನು ಸುಮ್ನಿರಪ್ಪ" ಎಂದು ಅತ್ತೆ ಅಡ್ಡ ಬಂದರು. "ಅದರ ಬೇಜಾರು ಯಾವಾಗ್ಲೋ ಹೋಯ್ತು. ಗುಡ್ಡ ಹತ್ತಿ ಗಾಳಿ ಕುಡ್ಕೊಂಡು ಬಂದಿದೆ. ಈಗ ನೀನು ಬಂದು ಮತ್ತೆ ನೆನಪು ಮಾಡ್ಬೇಡ."

ಇನ್ಸ್‌ಪೆಕ್ಟರು ಪೆನ್ನು ಗಾಳಿಯಲ್ಲೇ ಹಿಡಿದು ಎಲ್ಲರನ್ನೂ ನೋಡಿದರು. "ನಮ್ಮಲ್ಲಿ ಬೇಜಾರಿಗೆ ಕಾಲಂ ಇಲ್ಲ ಅಮ್ಮ. ಮೇಸ್ತ್ರಿ, ಬೋರಿಗೆ ಬಂದಿದ್ರೆ ಹೊಗೆ ಎಲ್ಲಿ?"

ಮೇಸ್ತ್ರಿ ಸೈಲೆನ್ಸರಿಗೆ ಮೂಗು ಹಿಡಿದ. ಮೂಸಿದ. ಬಾಯಿ ತೆರೆದ, ಮುಚ್ಚಿದ. "ಅವತ್ತು ಬೀದಿ ಕಾಣ್ತಿರಲಿಲ್ಲ ಸಾರ್!"

"ಅವತ್ತು ಯಾಕೆ ಬಂತು, ಇವತ್ತು ಯಾಕೆ ನಿಲ್ತು, ಅದು ಗೊತ್ತಾಗೋವರೆಗೂ ನಾನು ಸಹಿ ಹಾಕಲ್ಲ. ತಾನಾಗೇ ನಿಂತ ಹೊಗೆ ತಾನಾಗೇ ಬರಬಹುದು. ಬಾನೆಟ್ ಎತ್ತಿ."

ಸಾಲಿನಲ್ಲಿದ್ದ ಲಾರಿಗಳ ಡ್ರೈವರುಗಳೆಲ್ಲ ಇಳಿದು ಬಂದು ಸುತ್ತುವರಿದರು. ಬೇರೆ ಲಾರಿಯ ಎಂಜಿನ್ ತೆರೆದಾಗ ಬಗ್ಗಿ ನೋಡದ ಡ್ರೈವರು ಇನ್ನೂ ಹುಟ್ಟಿಲ್ಲ. ಗುಜರಿಯವನು ಹೇಗೆ ಬಂದನೋ, ಅವನೂ ಒಳಗೆ ತೂರಿದ. ಮೇಸ್ತ್ರಿ ಒಂದೊಂದೇ ನೋಡುತ್ತ ಬಂದು, ಪಕ್ಕದ ಕರಿ ಪಾತ್ರೆಯ ಕ್ಲಿಪ್ಪು ಸರಿಸಿ ಮೇಲ್ಭಾಗ ಎತ್ತಿದ. ಅಲ್ಲಿಗೇ ನಿಂತ. ಅಲ್ಲಿಂದ ಎಂಜಿನ್ನಿಗೆ ಹೋಗುವ ಕೊಳವೆಯೊಳಗೆ ಬೆರಳು ಹಾಕಿ ತೆಗೆದ. ಬೆರಳು ಎಣ್ಣೆಯಿಂದ ಹೊಳೆಯಿತು.

"ಇದೇನು ಸಾರ್?"

"ಏನದು?" ಎಂದು ಪೋಸ್ಟ್‌ಮಾಸ್ಟರು ಹಿಂದಿನಿಂದ ಹಿಮ್ಮಡಿ ಎತ್ತಿ ಕೇಳಿದರು.

"ಏರ್ ಕ್ಲೀನರ್" ಎಂದರು ಇನ್ಸ್‌ಪೆಕ್ಟರು. "ಎಂಜಿನ್ ಉಸಿರು ಎಳ್ಕೊಳ್ಳೋ ಮೂಗು ಅಂದ್ಕೊಳ್ಳಿ. ಧೂಳು ಒಳಗೆ ಹೋಗದೆ ಅಂಟ್ಕೊಳ್ಳಲಿ ಅಂತ ತಳದಲ್ಲಿ ಒಂಚೂರು ಎಣ್ಣೆ ಇರುತ್ತೆ. ಈ ಗೆರೆವರೆಗೆ ಮಾತ್ರ. ಇಲ್ಲಿ ನೋಡಿ, ಈಗ ಗೆರೆಗೇ ಇದೆ. ಆದ್ರೆ ಹಳೇ ಗುರುತು ಬಾಯಿವರೆಗೂ ಇದೆ. ಮೂಗಿನ ತುಂಬ ಎಣ್ಣೆ ಇದ್ರೆ ಎಂಜಿನ್ ಉಸಿರಿನ ಜತೆ ಅದನ್ನೂ ಎಳೆದು ಸುಡುತ್ತೆ. ನೀಲಿ ಹೊಗೆ ಬರುತ್ತೆ. ಗುಡ್ಡ ಹತ್ತಿಸಿ ಹತ್ತಿಸಿ ಹೆಚ್ಚಿದ್ದದ್ದೆಲ್ಲ ಸುಟ್ಟು ಮುಗಿದಿದೆ."

ಭಾವ ಸೀಟಿನಿಂದ ಇಳಿದಿದ್ದ. ಸೊಂಟ ಇರುವುದೇ ಅವನಿಗೆ ಮರೆತಿತ್ತು. "ಹಾಗಾದ್ರೆ ಬೋರು ಅಲ್ವಾ ಸಾರ್?"

"ಅದೇ ಪ್ರಶ್ನೆ. ಎಂಜಿನ್ ಒಳಗೆ ಸವೆದಿದ್ರೂ ತನ್ನ ಎಣ್ಣೇನ ತಾನೇ ಈ ಸಣ್ಣ ಪೈಪಲ್ಲಿ ಇಲ್ಲಿಗೆ ಉಗುಳುತ್ತೆ. ಹಾಗಾಗಿದ್ರೆ ಬೋರೇ. ಇವತ್ತಲ್ಲ ನಾಳೆ ಮತ್ತೆ ತುಂಬುತ್ತೆ, ನಾನು ಸಹಿ ಹಾಕಲ್ಲ. ಯಾರಾದ್ರೂ ಹೊರಗಿಂದ ಸುರಿದಿದ್ರೆ ಎಂಜಿನ್ನಿಗೆ ಏನೂ ಆಗಿಲ್ಲ, ಈಗಲೇ ಹಾಕ್ತೀನಿ. ಎರಡರಲ್ಲಿ ಯಾವುದು?"

ಮೇಸ್ತ್ರಿ ನಿಧಾನವಾಗಿ ತಿರುಗಿದ. "ಗುಮಾಸ್ತ್ರೇ, ಅವತ್ತು ಡಬ್ಬಿ ಆಯಿಲ್ ಹಾಕಿದೆ ಅಂದ್ರಲ್ಲ, ಎಲ್ಲಿಗೆ ಹಾಕಿದ್ರಿ? ಎಂಜಿನ್ನಿಗಾ, ಇದಕ್ಕಾ?"

ಮೈದಾನವೆಲ್ಲ ಗೊತ್ತಪ್ಪನ ಕಡೆ ತಿರುಗಿತು. ಅವನು ಕರಿ ಪಾತ್ರೆಯನ್ನು ನೋಡಿದ. ಎರಡು ಕ್ಲಿಪ್ಪು ನೋಡಿದ. ಅಂದಕ್ಕೆಂದು ತಾನು ಭಾವಿಸಿದ್ದ ಗೆರೆ ನೋಡಿದ. "ಎಂಜಿನ್ನಿಗೇ" ಎಂದರೆ ಭಾವನ ಲಾರಿ ಹೋಗುತ್ತದೆ. "ಇದಕ್ಕೇ" ಎಂದರೆ ಇಷ್ಟು ಜನರ ಮುಂದೆ ತನ್ನ ಹೆಸರು ಹೋಗುತ್ತದೆ. ಗುಜರಿಯವನು ಆಸೆಯಿಂದ ಕತ್ತು ಚಾಚಿದ. ಭಾವ ಕೈ ಜೋಡಿಸಲೂ ಮರೆತು ನಿಂತಿದ್ದ.

"ಗೊತ್ತಿಲ್ಲ" ಎಂದ.

ಅವನನ್ನು ಬಲ್ಲವರ ಪ್ರಕಾರ, ಈ ಪದ ಅವನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಪೋಸ್ಟ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಮೇಸ್ತ್ರಿಯ ಕೈಯಿಂದ ಸ್ಪಾನರ್ ಕೆಳಗೆ ಬಿತ್ತು.

ಎಲ್ಲರಿಗಿಂತ ಮೊದಲು ಸಾವರಿಸಿಕೊಂಡವಳು ಅವನ ಹೆಂಡತಿ.

"ಸಹಿ ಹಾಕಿ ಸಾರ್" ಎಂದಳು. "ಇವರೇ ಸುರಿದಿರೋದು. ಇದಕ್ಕೇ ಸುರಿದಿರೋದು."

"ಹೇಗಮ್ಮ ಹೇಳ್ತೀರಿ?"

"ಇಷ್ಟು ವರ್ಷದಲ್ಲಿ ಏನೂ ಗೊತ್ತಿಲ್ಲದಾಗ್ಲೆಲ್ಲ ಗೊತ್ತು ಗೊತ್ತು ಅಂದಿದಾರೆ ಸಾರ್. ಇವತ್ತು ಮೊದಲನೇ ಸಲ ಗೊತ್ತಿಲ್ಲ ಅಂದ್ರಲ್ಲ, ಇದೊಂದು ಖಂಡಿತ ಗೊತ್ತಿದೆ."

ಇನ್ಸ್‌ಪೆಕ್ಟರು ಗೊತ್ತಪ್ಪನ ಮುಖ ನೋಡಿದರು. ಅಭ್ಯಾಸದಂತೆ ಇನ್ನೊಂದು ಸಲ ನೋಡಿದರು. ಆ ಮುಖದಲ್ಲಿ ಕಂಡದ್ದು ಅವರಿಗೆ ಸಾಕಾಗಿರಬೇಕು. ಬಾನೆಟ್ಟಿನ ಮೇಲೆಯೇ ಕಾಗದವಿಟ್ಟು ಸಹಿ ಹಾಕಿದರು. ಡ್ರೈವರುಗಳು ಸಾಲು ಸಾಲಾಗಿ ಹಾರ್ನ್ ಹೊಡೆದರು. ಭಾವ ಗೊತ್ತಪ್ಪನನ್ನು ತಬ್ಬಿಕೊಂಡನೋ ಹೊಡೆಯಲು ಹೋದನೋ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಎರಡಕ್ಕೂ ಸೊಂಟ ಅವಕಾಶ ಕೊಡಲಿಲ್ಲ ಎಂಬುದು ಮಾತ್ರ ಖಚಿತ. ಲಾರಿಯನ್ನು ಮನೆಗೆ ಮೇಸ್ತ್ರಿಯೇ ಓಡಿಸಿಕೊಂಡು ಬಂದ, ಭಾವನನ್ನು ಹಿಂದೆ ಅಂಗಾತ ಮಲಗಿಸಿ.

ಕಾರಣ ಏನೆಂದು ಬೀದಿಗೆಲ್ಲ ಈಗ ತಿಳಿದಿದೆ, ಅತ್ತೆಯೊಬ್ಬರನ್ನು ಬಿಟ್ಟು. ಅವರು ಈಗಲೂ ಬೆಳಗ್ಗೆ ಕ್ಯಾಬಿನ್ನಿನಲ್ಲಿ ಕೂತು ಬಟಾಣಿ ಸುಲಿಯುತ್ತಾರೆ. ಪೋಸ್ಟ್‌ಮಾಸ್ಟರು ಒಂದು ದಿನ ಕುರ್ಚಿ ಎಳೆದುಕೊಂಡು, ಏರ್ ಕ್ಲೀನರ್, ಗೆರೆ, ಕೊಳವೆ ಎಂದು ಮೊದಲಿನಿಂದ ಎಲ್ಲವನ್ನೂ ಬಿಡಿಸಿ ಹೇಳಿದರು. ಅತ್ತೆ ತಾಳ್ಮೆಯಿಂದ ಕೇಳಿದರು.

"ಎಣ್ಣೆ ಕುಡಿದಿತ್ತು ಅಂತೀರಿ. ಸರಿ, ಒಪ್ಪಿದೆ" ಎಂದರು ಕಡೆಗೆ, ಸ್ಟೇರಿಂಗ್ ಸವರುತ್ತ. "ಮರ್ಯಾದಸ್ಥರು ಸುಮ್ ಸುಮ್ನೆ ಎಣ್ಣೆ ಕುಡೀತಾರೇನ್ರೀ? ಬೇಜಾರಿಗೆ ತಾನೆ?"